ಮೂವತ್ತು ಗಳಿಗೆಯ ನಡುಗೆರೆ

ಮಸ್ಕಿಯಲ್ಲಿ ಜೂನ್ 21ರ ಸುಮಾರಿಗೆ ಹಗಲು 13 ಗಂಟೆ 5 ನಿಮಿಷದಷ್ಟು ಉದ್ದ ಇರುತ್ತದೆ. ಡಿಸೆಂಬರ್ 22ರ ಸುಮಾರಿಗೆ ಅದು 11 ಗಂಟೆ 10 ನಿಮಿಷಕ್ಕೆ ಇಳಿಯುತ್ತದೆ. ವರ್ಷದ ಎಲ್ಲ ದಿನಗಳ ಹಗಲನ್ನೂ ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ಸೇರಿಸಿದರೆ ಒಂದು ನುಣುಪಾದ ಅಲೆ ಮೂಡುತ್ತದೆ. ಸಿಂಧನೂರಿನಲ್ಲಿ ಪಿಯುಸಿ ಮಕ್ಕಳಿಗೆ ಸೈನ್, ಕೊಸೈನ್ ನಕ್ಷೆ ಕಲಿಸುವಾಗ ನಾನು ಮೊದಲು ಬರೆಸುತ್ತಿದ್ದುದು ಈ ಅಲೆಯನ್ನೇ. ಪುಸ್ತಕದ ಅಲೆ ಸೊನ್ನೆಯ ಗೆರೆಯ ಮೇಲೆ ಒಂದು, ಕೆಳಗೆ ಒಂದು ಎಂದು ಏರಿಳಿಯುತ್ತದೆ. ನಮ್ಮೂರ ಹಗಲಿನ ಅಲೆ ಹಾಗಲ್ಲ. ಅದು ಹಾಳೆಯ ಮೇಲ್ಭಾಗದಲ್ಲೆಲ್ಲೋ ನಿಂತು ತೂಗುತ್ತದೆ.

ಅಂಥ ಅಲೆ ಕಂಡಾಗ ಕೇಳಬೇಕಾದ ಪ್ರಶ್ನೆ ಎರಡೇ. ಯಾವ ಗೆರೆಯ ಮೇಲೆ ನಿಂತು ತೂಗುತ್ತಿದೆ? ಎಷ್ಟು ತೂಗುತ್ತಿದೆ? ಅತಿ ಹೆಚ್ಚಿನ ಬೆಲೆಯನ್ನೂ ಅತಿ ಕಡಿಮೆ ಬೆಲೆಯನ್ನೂ ಕೂಡಿಸಿ ಅರ್ಧ ಮಾಡಿದರೆ ನಡುಗೆರೆ ಸಿಗುತ್ತದೆ. ಒಂದರಲ್ಲಿ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ ಪಾರ ಸಿಗುತ್ತದೆ. ಮಸ್ಕಿಯ ಹಗಲಿಗೆ ನಡುಗೆರೆ 12 ಗಂಟೆ ಏಳೂವರೆ ನಿಮಿಷ, ಪಾರ ಐವತ್ತೇಳೂವರೆ ನಿಮಿಷ. ಸೈನ್‌ನ ಬೆಲೆಯನ್ನು ಐವತ್ತೇಳೂವರೆಯಿಂದ ಗುಣಿಸಿದಾಗ ಅಲೆ ಎತ್ತರಕ್ಕೆ ಹಿಗ್ಗುತ್ತದೆ. ಅದಕ್ಕೆ 12 ಗಂಟೆ ಏಳೂವರೆ ನಿಮಿಷ ಕೂಡಿಸಿದಾಗ ಇಡೀ ಅಲೆ, ಆಕಾರ ಒಂದಿಷ್ಟೂ ಕೆಡದಂತೆ, ಮೇಲಕ್ಕೆ ಸರಿಯುತ್ತದೆ. ದಿನದ ಎಣಿಕೆಯನ್ನು ಹಗಲು ರಾತ್ರಿ ಸಮವಾಗುವ ಮಾರ್ಚ್ ವಿಷುವದಿಂದ ಶುರು ಮಾಡಿದರೆ ಅದು ಸೈನ್, ಜೂನ್‌ನ ತುದಿಯಿಂದ ಶುರು ಮಾಡಿದರೆ ಕೊಸೈನ್. ಅಲೆ ಮಾತ್ರ ಒಂದೇ.

ನಡುಗೆರೆ, ಪಾರ ಎಂಬ ಈ ಎರಡು ಸಂಖ್ಯೆಗಳನ್ನು ಜನ ಪಠ್ಯಪುಸ್ತಕಕ್ಕಿಂತ ಬಹಳ ಮೊದಲೇ ಬೇರೆ ಬೇರೆಯಾಗಿ ಹಿಡಿದಿಟ್ಟಿದ್ದರು. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ನಮ್ಮ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎನ್ನುತ್ತವೆ. ಈ ನಾಡಿನ ಚರಿತ್ರೆ ಎಂದರೆ ನಮಗೆ ಕಲಿಸಿದ್ದು ಕೋಟೆಗಳ ಕಥೆ, ಕಾಳಗಗಳ ಕಥೆ. ಮುದಗಲ್ಲಿಗಾಗಿ ವಿಜಯನಗರದವರೂ ಬಹಮನಿಗಳೂ ಎಷ್ಟು ಸಲ ಕಾದಾಡಿದರು, ಚೋಳರ ಶಾಸನದ ಮುಸಂಗಿ ನಮ್ಮ ಮಸ್ಕಿಯೇ ಹೌದೋ ಅಲ್ಲವೋ, ಇಂಥವು. ಹೊಲದಲ್ಲಿ ನಿಂತು ಹೊತ್ತು ಅಳೆದವರ, ನೆರಳು ಎಣಿಸಿದವರ, ನೀರಿನ ಮಟ್ಟ ಬರೆದಿಟ್ಟವರ ಚರಿತ್ರೆಯೂ ಇದೆ. ನನಗೆ ಅದೇ ದೊಡ್ಡದು.

ಹೊತ್ತು ಅಳೆಯುವ ಅತಿ ಹಳೆಯ ದಾರಿ ಸೂರ್ಯ ಹುಟ್ಟುವ ಜಾಗವನ್ನು ಗುರುತಿಟ್ಟುಕೊಳ್ಳುವುದು. ಮಸ್ಕಿಯ ಮಲ್ಲಿಕಾರ್ಜುನ ಬೆಟ್ಟದ ಮೇಲಿಂದ ವರ್ಷಪೂರ್ತಿ ಮೂಡಣ ನೋಡಿದರೆ ಸೂರ್ಯ ಹುಟ್ಟುವ ಠಾವು ನೇರ ಪೂರ್ವದಿಂದ ಉತ್ತರಕ್ಕೆ ಸುಮಾರು ಇಪ್ಪತ್ನಾಲ್ಕೂವರೆ ಡಿಗ್ರಿ ಸರಿದು, ನಿಂತು, ಮತ್ತೆ ಪೂರ್ವವನ್ನು ದಾಟಿ ದಕ್ಷಿಣಕ್ಕೆ ಅಷ್ಟೇ ಸರಿಯುತ್ತದೆ. ನೇರ ಪೂರ್ವವೇ ನಡುಗೆರೆ, ಆ ಇಪ್ಪತ್ನಾಲ್ಕೂವರೆ ಡಿಗ್ರಿಯೇ ಪಾರ. ಸಿದ್ಧಾಂತ ಗ್ರಂಥಗಳಲ್ಲಿ ಇದು ಅಗ್ರಾ ಎಂಬ ಲೆಕ್ಕ. ಉತ್ತರಾಯಣ, ದಕ್ಷಿಣಾಯನ ಎನ್ನುವುದು ಈ ಓಡಾಟದ ಎರಡು ದಿಕ್ಕುಗಳು.

ಕೃಷ್ಣೆ ದಾಟಿದರೆ ಈಗಿನ ಯಾದಗಿರಿ ಜಿಲ್ಲೆಯಲ್ಲಿ ವಿಭೂತಿಹಳ್ಳಿಯ ಕಲ್ಲುಸಾಲುಗಳಿವೆ. ದೊಡ್ಡ ಗುಂಡುಕಲ್ಲುಗಳನ್ನು ಸಮ ಅಂತರದಲ್ಲಿ ಸಾಲಾಗಿ ಇಟ್ಟಿದ್ದಾರೆ. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೇ ಶತಮಾನದಲ್ಲಿ ಅವುಗಳ ಬಗ್ಗೆ ಬರೆದರು. ಅದೇ ಸೀಮೆಯ ಹನಮಸಾಗರದಲ್ಲೂ ಇಂಥ ಸಾಲುಗಳಿವೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಉತ್ಖನನ ಮಾಡಿದ ಆಲ್ಚಿನ್ 1956ರಲ್ಲಿ ಹೈದರಾಬಾದ್ ಸಂಸ್ಥಾನದ ದಕ್ಷಿಣ ಭಾಗದ ಕಲ್ಲುಸಾಲುಗಳ ಮೇಲೆ ಒಂದು ಲೇಖನ ಪ್ರಕಟಿಸಿದರು. ಸೂರ್ಯನ ಅಯನಗಳಿಗೂ ಈ ಸಾಲುಗಳಿಗೂ ನಂಟು ಇದೆಯೇ ಎಂದು ಭಾರತೀಯ ಖಭೌತ ಸಂಸ್ಥೆಯ ಖಗೋಳಜ್ಞ ಎನ್. ಕಾಮೇಶ್ವರ ರಾವ್ ಪರಿಶೀಲಿಸಿದರು. ಇಟ್ಟವರ ಮನಸ್ಸಿನಲ್ಲಿ ಏನಿತ್ತು ಎಂದು ಆ ಕಲ್ಲುಗಳು ಬರೆದಿಟ್ಟಿಲ್ಲ. ಆದರೆ ಹೊಳೆಯ ಆಚೆ ಈಚೆ ಇದ್ದ, ದನ ಸಾಕಿ ಬೂದಿದಿಬ್ಬ ಬಿಟ್ಟುಹೋದ ಜನ ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂದು ದಿನಾ ನೋಡುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅವರಿಗೆ ಬೇರೆ ಗಡಿಯಾರ ಇರಲಿಲ್ಲ.

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ತೆಗೆದರೆ ದಾನದ ತಿಥಿ ಮತ್ತೆ ಮತ್ತೆ ಉತ್ತರಾಯಣ ಸಂಕ್ರಾಂತಿಯೇ. ದೇವಸ್ಥಾನದ ನಂದಾದೀಪಕ್ಕೆ, ಕೆರೆಗೆ, ಮಠದ ವಿದ್ಯಾರ್ಥಿಗಳ ಊಟಕ್ಕೆ ಭೂಮಿ ಬಿಟ್ಟ ದಿನ ಅದು. 12ನೇ ಶತಮಾನದಲ್ಲಿ ಆ ಸಂಕ್ರಾಂತಿ ಅಂದಿನ ಜೂಲಿಯನ್ ಕ್ಯಾಲೆಂಡರಿನ ಡಿಸೆಂಬರ್ 25ರ ಸುಮಾರಿಗೆ ಬರುತ್ತಿತ್ತು. ಆಕಾಶದಲ್ಲಿ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗಿ ಅಷ್ಟು ಹೊತ್ತಿಗೆ ಹತ್ತು ದಿನಗಳೇ ಕಳೆದಿರುತ್ತಿದ್ದವು. ಈಗ ಆ ಅಂತರ ಮೂರು ವಾರ ಮೀರಿದೆ. ಇದು ಅಲೆ ಪಕ್ಕಕ್ಕೆ ಸರಿಯುವ ಬಗೆ, ಅದರದೇ ಬೇರೆ ಕಥೆ. ಪಕ್ಕಕ್ಕೆ ಎಷ್ಟೇ ಸರಿದರೂ ಪಾರವೂ ನಡುಗೆರೆಯೂ ಅಲುಗಲಿಲ್ಲ ಎಂಬುದಷ್ಟೇ ನಮಗಿಲ್ಲಿ ಬೇಕಾದ ಮಾತು.

ನೆರಳಿನ ಲೆಕ್ಕಕ್ಕೆ ಬಂದರೆ ಮಳಖೇಡಕ್ಕೆ ಹೋಗಬೇಕು. ರಾಷ್ಟ್ರಕೂಟರ ಮಾನ್ಯಖೇಟ ಅದು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರ ಕೊನೆಯ ಅಧ್ಯಾಯ ಛಾಯಾ ವ್ಯವಹಾರ, ಅಂದರೆ ನೆರಳಿನ ಲೆಕ್ಕ. ಊರಿನ ವಿಷುವದ ನೆರಳನ್ನು ತೆಗೆಯುವುದಕ್ಕೆ ಆತ ಹೇಳುವ ಕ್ರಮ ಸರಳ: ಸೂರ್ಯ ಮೇಷಕ್ಕೆ ಬಂದ ದಿನದ ಮಧ್ಯಾಹ್ನದ ನೆರಳು, ತುಲಾಕ್ಕೆ ಬಂದ ದಿನದ ಮಧ್ಯಾಹ್ನದ ನೆರಳು, ಎರಡನ್ನೂ ಕೂಡಿಸಿ ಅರ್ಧ ಮಾಡು. ವರ್ಷದಲ್ಲಿ ಎರಡು ಸಲ ಅಲೆ ನಡುಗೆರೆಯನ್ನು ದಾಟುತ್ತದೆ. ಒಮ್ಮೆ ಏರುವಾಗ, ಒಮ್ಮೆ ಇಳಿಯುವಾಗ. ಅಳತೆಯಲ್ಲಿ ಒಂದು ಕಡೆ ತುಸು ಹೆಚ್ಚಾದರೆ ಇನ್ನೊಂದು ಕಡೆ ತುಸು ಕಡಿಮೆಯಾಗುತ್ತದೆ, ಸರಾಸರಿಯಲ್ಲಿ ಅದು ಅಳಿಸಿಹೋಗುತ್ತದೆ. ವಿಷುವದ ನೆರಳೇ ಇಲ್ಲದ ಊರುಗಳಲ್ಲಿ ಹಗಲು ಸದಾ 30 ಗಳಿಗೆ (ಅಂದರೆ 12 ಗಂಟೆ), ಉಳಿದೆಡೆ ಅದು ಹೆಚ್ಚು ಕಡಿಮೆ ಆಗುತ್ತದೆ ಎಂಬ ಮಾತೂ ಅಲ್ಲೇ ಇದೆ. ಸಮಭಾಜಕದ ಊರಿನಲ್ಲಿ ಪಾರ ಸೊನ್ನೆ ಎಂದು ನಾವು ಇವತ್ತು ಹೇಳುವುದು ಇದನ್ನೇ.

ಹೊಲದಲ್ಲಿರುವವರಿಗಾಗಿ ಬರೆದಂತಿರುವ ಇನ್ನೊಂದು ಸೂತ್ರವೂ ಅದರಲ್ಲಿದೆ. ನೆರಳು ಕೋಲಿನ ಎಷ್ಟು ಪಟ್ಟು ಎಂದು ನೋಡು, ಅದಕ್ಕೆ ಒಂದು ಕೂಡಿಸು, ಇಮ್ಮಡಿಸು, ಒಂದನ್ನು ಅದರಿಂದ ಭಾಗಿಸು. ಹಗಲಿನಲ್ಲಿ ಅಷ್ಟು ಭಾಗ ಕಳೆದಿದೆ. ನೆರಳು ಕೋಲಿನಷ್ಟೇ ಇದ್ದರೆ ಕಾಲು ಹಗಲು, ನೆರಳೇ ಇಲ್ಲದಿದ್ದರೆ ಅರ್ಧ ಹಗಲು. ಒರಟು ಲೆಕ್ಕ, ಆದರೆ ಕೂಲಿ ಹೆಂಗಸರು ಬುತ್ತಿ ಬಿಚ್ಚುವುದಕ್ಕೆ ಸಾಕು. ನಮ್ಮ ಕಡೆ ಈಗಲೂ ‘ಮಾರುದ್ದ ಹೊತ್ತು ಏರೇತಿ’ ಎನ್ನುವವರಿದ್ದಾರೆ.

ಮಧ್ಯಾಹ್ನದ ನೆರಳಿನ ಅಳತೆಯನ್ನು ಮಸ್ಕಿಯಲ್ಲೇ ಮಾಡಿ ನೋಡೋಣ. ಊರಿನ ಅಕ್ಷಾಂಶ ಸುಮಾರು 16 ಡಿಗ್ರಿ. ಹನ್ನೆರಡು ಅಂಗುಲದ ಶಂಕುವನ್ನು, ಅಂದರೆ ನೇರವಾಗಿ ನಿಲ್ಲಿಸಿದ ಕೋಲನ್ನು, ಅಂಗಳದಲ್ಲಿ ಇಟ್ಟರೆ ಡಿಸೆಂಬರ್ ಮಧ್ಯಾಹ್ನದ ನೆರಳು ಉತ್ತರಕ್ಕೆ ಸುಮಾರು 9.9 ಅಂಗುಲ. ವಿಷುವದ ದಿನ ಉತ್ತರಕ್ಕೆ ಸುಮಾರು 3.4 ಅಂಗುಲ. ಮೇ ಮೊದಲ ವಾರದಲ್ಲಿ ಒಂದು ಮಧ್ಯಾಹ್ನ ನೆರಳು ಕೋಲಿನ ಬುಡದೊಳಗೇ ಸೇರಿಕೊಳ್ಳುತ್ತದೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಮತ್ತೊಮ್ಮೆ. ಅವೆರಡರ ನಡುವೆ ಕಾರಹುಣ್ಣಿವೆಯ ದಿನಗಳಲ್ಲಿ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ ಕೊನೆಗೆ ಸುಮಾರು 1.6 ಅಂಗುಲ. ದಕ್ಷಿಣಕ್ಕೆ ಬೀಳುವ ಈ ನೆರಳನ್ನು ದೆಹಲಿಯವರು ಮಧ್ಯಾಹ್ನದಲ್ಲಿ ಎಂದೂ ಕಾಣಲಾರರು.

ಈಗ ಉದ್ದದ ನೆರಳು, ಎದುರು ದಿಕ್ಕಿನ ನೆರಳು ಎರಡನ್ನೂ ಚಿಹ್ನೆ ಸಹಿತ ಕೂಡಿಸಿ ಅರ್ಧ ಮಾಡಿ. 9.9ರಲ್ಲಿ 1.6 ಕಳೆದರೆ 8.3, ಅದರರ್ಧ 4.1 ಚಿಲ್ಲರೆ. ವಿಷುವದ ನೆರಳು ಮಾತ್ರ 3.4! ನಡುಗೆರೆ ಕೂಡುತ್ತಿಲ್ಲ. ಮಕ್ಕಳು ಇಲ್ಲಿ ಅಳತೆಯೇ ಕೆಟ್ಟಿತೆಂದು ಕೋಲನ್ನು ಅನುಮಾನಿಸುತ್ತಾರೆ. ಕೋಲಿನದೇನೂ ತಪ್ಪಿಲ್ಲ. ನೆರಳಿನ ಉದ್ದ ನಡುಗೆರೆಯ ಎರಡೂ ಬದಿಗೆ ಸಮನಾಗಿ ತೂಗುವುದಿಲ್ಲ. ಸಮನಾಗಿ ತೂಗುವುದು ಸೂರ್ಯನ ಕೋನ. ನೆತ್ತಿಯಿಂದ ದಕ್ಷಿಣಕ್ಕೆ 16 ಡಿಗ್ರಿ ಎಂಬ ನಡುಗೆರೆ, ಆಚೆ ಈಚೆ 23.4 ಡಿಗ್ರಿ ಎಂಬ ಪಾರ. ನೆರಳಿನಿಂದ ಕೋನಕ್ಕೆ, ಕೋನದಿಂದ ನೆರಳಿಗೆ ಹೋಗಿಬರುವ ದಾರಿ ಬೇಕಾಯಿತು. ಜ್ಯಾ, ಅಂದರೆ ನಾವು ಇವತ್ತು ಸೈನ್ ಎನ್ನುವುದು, ಹುಟ್ಟಿದ್ದು ಇಂಥ ಅಗತ್ಯದಿಂದ. ಅದು ಬಿಡುವಿನ ಹೊತ್ತಿನ ಬುದ್ಧಿವಿಲಾಸವಾಗಿರಲಿಲ್ಲ ಎಂದು ನಾನು ಪ್ರತಿವರ್ಷ ಒತ್ತಿ ಹೇಳುತ್ತಿದ್ದೆ.

ಕ್ರಿ.ಶ. 499ರಲ್ಲಿ ಆರ್ಯಭಟ ಕಾಲು ವೃತ್ತವನ್ನು 24 ಪಾಲು ಮಾಡಿ, ತ್ರಿಜ್ಯ 3438 ಎಂದಿಟ್ಟುಕೊಂಡು, ಜ್ಯಾಗಳ ಬೆಲೆಗಿಂತ ಅವುಗಳ ವ್ಯತ್ಯಾಸಗಳನ್ನು ಕೊಟ್ಟ. ಮೊದಲನೆಯದು 225, ಆಮೇಲೆ 224, 222, 219 ಎಂದು ಇಳಿಯುತ್ತ ಕೊನೆಯದು 7. ಆ ಪಟ್ಟಿಯನ್ನು ಬೆರಳಿಟ್ಟು ಓದಿದರೆ ಅಲೆಯ ಸ್ವಭಾವವೇ ಕಾಣುತ್ತದೆ: ನಡುಗೆರೆ ದಾಟುವಾಗ ಓಟ, ತುದಿ ಮುಟ್ಟುವಾಗ ನಿಧಾನ. ಯುಗಾದಿಯ ಆಸುಪಾಸಿನಲ್ಲಿ ನಮ್ಮೂರ ಹಗಲು ದಿನಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ ಬೆಳೆಯುತ್ತದೆ, ಜೂನ್ ಕೊನೆಗೆ ದಿನಗಟ್ಟಲೆ ನಿಂತಂತೆ ಇರುತ್ತದೆ. ಆರ್ಯಭಟನ ಕಾಲದಲ್ಲಿ ಯಾರೂ ಇದನ್ನು ಗೆರೆಯಾಗಿ ಎಳೆದು ನೋಡಲಿಲ್ಲ. ಬಾಗಿದ ಅಲೆಯಾಗಿ ಸೈನ್ ಕಾಗದಕ್ಕೆ ಬಂದದ್ದು 17ನೇ ಶತಮಾನದ ಮೊದಲ ಅರ್ಧದಲ್ಲಿ, ಫ್ರಾನ್ಸಿನ ರೋಬರ್ವಾಲ್ ಚಕ್ರದ ಅಂಚಿನ ಚುಕ್ಕಿ ಸಾಗುವ ದಾರಿಯನ್ನು ಅಧ್ಯಯನ ಮಾಡುವಾಗ. ನಮ್ಮವರದು ಸಂಖ್ಯೆಗಳ ಸಾಲಿನಲ್ಲೇ ಅಲೆಯನ್ನು ಕಾಣುವ ಕಣ್ಣು.

ನಮ್ಮ ಮುತ್ಯಾ ಲಿಂಗಸುಗೂರು ಸೀಮೆಯ ಒಂದು ಹಳ್ಳಿಯಲ್ಲಿ ಪಂಚಾಂಗ ಹೇಳುತ್ತಿದ್ದರು. ಬಿತ್ತಿಗೆ, ಮದುವೆಗೆ, ಬಾವಿ ತೆಗೆಸುವುದಕ್ಕೆ ಜನ ಕೇಳಲು ಬರುತ್ತಿದ್ದರು. ರೋಹಿಣಿ ಮಳೆ ಯಾವಾಗ ಹೂಡುತ್ತದೆ, ಮಘಿ ಎಂದು, ಹಸ್ತ ಎಂದು, ಎಲ್ಲ ಅವರ ಬಾಯಲ್ಲಿ. ಬೈಂಡು ಹರಿದ ಅವರ ವಹಿಯ ಮೊದಲ ಪುಟದಲ್ಲಿ ಊರಿನ ಹೆಸರು, ಅದರ ಕೆಳಗೆ ‘ಪಲಭಾ 3–26’ ಎಂದು ಇತ್ತು. ಪಲಭಾ ಎಂದರೆ ಮಹಾವೀರಾಚಾರ್ಯನ ಅದೇ ವಿಷುವದ ನೆರಳು. 3 ಅಂಗುಲ 26 ವ್ಯಂಗುಲ. ಅದರ ಪಕ್ಕದಲ್ಲಿ ಮೂರು ಅಂಕಿ: 10, 8, ಮೂರೂ ಒಂದು ಮೂರಾಂಶ. ಹುಡುಗಿಯಾಗಿದ್ದ ನನಗೆ ಅವು ಮಂತ್ರದಂತೆ ಕಂಡಿದ್ದವು.

ಅವು ಗಣೇಶ ದೈವಜ್ಞನ ‘ಗ್ರಹಲಾಘವ’ದ ಅಂಕಿಗಳು. ಕೊಂಕಣದ ನಂದಿಗ್ರಾಮದಲ್ಲಿ 1520ರ ಸುಮಾರಿಗೆ ಬರೆದ ಆ ಗ್ರಂಥ ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ತಲೆಮಾರುಗಳ ಕಾಲ ಪಂಚಾಂಗದ ಆಧಾರವಾಗಿತ್ತು. ಗಣೇಶ ದೈವಜ್ಞನ ಹೆಗ್ಗಳಿಕೆ ಎಂದರೆ ಜ್ಯಾ ಕೋಷ್ಟಕವನ್ನು ಮುಟ್ಟದೆಯೇ ಎಲ್ಲ ಲೆಕ್ಕ ಮಾಡುವಂತೆ ಸೂತ್ರ ಕಟ್ಟಿದ್ದು. ಅವನ ಕ್ರಮ ಹೀಗೆ. ಊರಿನ ಪಲಭಾವನ್ನು 10ರಿಂದ, 8ರಿಂದ, ಮೂರೂ ಒಂದು ಮೂರಾಂಶದಿಂದ ಬೇರೆ ಬೇರೆ ಗುಣಿಸು. ನಮ್ಮೂರಿಗೆ ಸುಮಾರು 34, ಇಪ್ಪತ್ತೇಳೂವರೆ, ಹನ್ನೊಂದೂವರೆ ಪಳ ಬರುತ್ತದೆ. ಒಂದು ಪಳ ಅಂದರೆ 24 ಸೆಕೆಂಡು, 60 ಪಳಕ್ಕೆ ಒಂದು ಗಳಿಗೆ. ಸೂರ್ಯ ವಿಷುವದಿಂದ ಹೊರಟು ಮೊದಲ ರಾಶಿ ದಾಟುವಷ್ಟರಲ್ಲಿ ಅರ್ಧ ಹಗಲು 34 ಪಳ ಬೆಳೆಯುತ್ತದೆ, ಎರಡನೆಯ ರಾಶಿಯಲ್ಲಿ ಇಪ್ಪತ್ತೇಳೂವರೆ, ಮೂರನೆಯದರಲ್ಲಿ ಹನ್ನೊಂದೂವರೆ. ಒಟ್ಟು 73 ಪಳ. ಇಡೀ ಹಗಲಿಗೆ ಅದರ ಇಮ್ಮಡಿ, 2 ಗಳಿಗೆ 27 ಪಳದಷ್ಟು. 30 ಗಳಿಗೆಗೆ ಕೂಡಿಸಿದರೆ ಅತಿ ಉದ್ದದ ಹಗಲು 32 ಗಳಿಗೆ 27 ಪಳ, ಕಳೆದರೆ ಅತಿ ಚಿಕ್ಕದು 27 ಗಳಿಗೆ 33 ಪಳ.

‘ಮೂವತ್ತು ಗಳಿಗಿ ಗಟ್ಟಿ ಹಿಡಕೊಳ್ಳವಾ, ಉಳಿದದ್ದೆಲ್ಲಾ ಕೂಡಿಸೂದು, ಕಳಿಯೂದು’ ಎನ್ನುತ್ತಿದ್ದರು ಮುತ್ಯಾ. ಪಾರ, ನಡುಗೆರೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಟ್ಟವರನ್ನು ನಾನು ಕಂಡಿಲ್ಲ.

ಆ 10, 8, ಮೂರೂ ಒಂದು ಮೂರಾಂಶದಲ್ಲಿ ಇನ್ನೊಂದು ಸೊಗಸಿದೆ. ಎಂ.ಎಸ್ಸಿ. ಮುಗಿಸಿ ಬಂದಮೇಲೆ ವಹಿಯನ್ನು ಮತ್ತೆ ತೆಗೆದು ಪರೀಕ್ಷಿಸಿದೆ. ಮೂರನ್ನೂ ಕೂಡಿಸುತ್ತ ಹೋದರೆ 10, 18, 21.33. ಹಗಲಿನ ಅಲೆ ಅಪ್ಪಟ ಸೈನ್ ಆಗಿದ್ದರೆ, 21.33 ಪಾರಕ್ಕೆ ಮೊದಲ ರಾಶಿಯ ಕೊನೆಗೆ 10.67, ಎರಡನೆಯದರ ಕೊನೆಗೆ 18.47 ಇರಬೇಕಿತ್ತು. ಗಣೇಶ ದೈವಜ್ಞನ ಅಂಕಿಗಳು ಅದಕ್ಕಿಂತ ಸ್ವಲ್ಪ ಕಡಿಮೆ. ಸುಲಭಕ್ಕಾಗಿ ದುಂಡು ಮಾಡಿದ್ದೇ? ಅಲ್ಲ. ಸೂರ್ಯನ ಅತಿ ಹೆಚ್ಚಿನ ಕ್ರಾಂತಿಯನ್ನು, ಅಂದರೆ ಸಮಭಾಜಕದಿಂದ ಅವನು ಸರಿಯುವ ಕೋನವನ್ನು, ಸಿದ್ಧಾಂತದವರು ಒಪ್ಪಿದ್ದ 24 ಡಿಗ್ರಿಗೇ ಇಟ್ಟು ಸರಿಯಾದ ಗೋಳೀಯ ಸೂತ್ರದಿಂದ ತೆಗೆದರೆ ಬರುವುದು 9.95 ಮತ್ತು 18.03. ಹಗಲಿನ ಅಲೆ ಅಪ್ಪಟ ಸೈನ್ ಅಲ್ಲ, ಅದಕ್ಕಿಂತ ಕೂದಲೆಳೆಯಷ್ಟು ಬೇರೆ. ಆ ಬೇರೆತನವೂ ಹಳ್ಳಿಯ ವಹಿಯ ಮೂರು ಅಂಕಿಯೊಳಗೆ ಉಳಿದುಬಂದಿತ್ತು. ಮೂರು ನೇರ ಗೆರೆಗಳಿಂದ ಒಂದು ಬಾಗಿದ ಅಲೆಯನ್ನು ಕಟ್ಟಿದ ಆ ಕೈಚಳಕ ನೆನೆದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಪಲಭಾ ಊರಿಂದ ಊರಿಗೆ ಬದಲಾಗುತ್ತದೆ, ಪಾರವೂ ಹಾಗೆಯೇ. ಲಿಂಗಸುಗೂರು ಸಿಂಧನೂರಿಗಿಂತ ತುಸು ಉತ್ತರಕ್ಕಿದೆ. ಅಲ್ಲಿಯ ಅತಿ ಉದ್ದದ ಹಗಲು ಇಲ್ಲಿಗಿಂತ ಒಂದೂವರೆ ನಿಮಿಷ ಹೆಚ್ಚು, ಅತಿ ಚಿಕ್ಕ ಹಗಲು ಅಷ್ಟೇ ಕಡಿಮೆ. ನಡುಗೆರೆ ಎರಡೂ ಕಡೆ ಒಂದೇ.

ಹಾಗಾದರೆ ಮೊದಲಲ್ಲಿ ಹೇಳಿದ ಏಳೂವರೆ ನಿಮಿಷ ಎಲ್ಲಿಂದ ಬಂತು? ಮುತ್ಯಾನ ನಡುಗೆರೆ 30 ಗಳಿಗೆ, ಕರಾರುವಾಕ್ಕಾಗಿ 12 ಗಂಟೆ. ಇವತ್ತಿನ ಸೂರ್ಯೋದಯ ಸೂರ್ಯಾಸ್ತದ ಪಟ್ಟಿ ಹಿಡಿದು ಲೆಕ್ಕ ಹಾಕಿದರೆ 12 ಗಂಟೆ ಏಳೂವರೆ ನಿಮಿಷ. ಕಾರಣ ಎರಡು. ಹಳೆಯ ಲೆಕ್ಕ ಸೂರ್ಯಬಿಂಬದ ನಡುವನ್ನು ಹಿಡಿಯುತ್ತದೆ, ಈಗಿನದು ಬಿಂಬದ ಮೇಲಂಚು ಕಂಡ ಕೂಡಲೇ ಹುಟ್ಟಿದ ಎನ್ನುತ್ತದೆ. ಜೊತೆಗೆ ಗಾಳಿಯ ಪದರ ಬೆಳಕನ್ನು ಬಾಗಿಸಿ, ದಿಗಂತದ ಕೆಳಗಿರುವ ಸೂರ್ಯನನ್ನು ಮೇಲೆತ್ತಿ ತೋರಿಸುತ್ತದೆ. ಬೆಳಿಗ್ಗೆ ಮೂರೂ ಮುಕ್ಕಾಲು ನಿಮಿಷ, ಸಂಜೆ ಅಷ್ಟೇ. ಈ ಏಳೂವರೆ ನಿಮಿಷ ಜೂನ್‌ನಲ್ಲೂ ಡಿಸೆಂಬರಿನಲ್ಲೂ ಹೆಚ್ಚುಕಡಿಮೆ ಒಂದೇ ಇರುವುದರಿಂದ ಪಾರಕ್ಕೆ ಏನೂ ಆಗುವುದಿಲ್ಲ, ಅಲೆ ಇದ್ದಂತೆಯೇ ಇದ್ದು ಏಳೂವರೆ ನಿಮಿಷ ಮೇಲಕ್ಕೆ ಕೂರುತ್ತದೆ. ಲಂಬವಾಗಿ ಸರಿಯುವುದು ಎಂದರೇನು ಎಂದು ಕೇಳಿದವರಿಗೆ ಇದಕ್ಕಿಂತ ಶುದ್ಧ ಉದಾಹರಣೆ ನನ್ನ ಬಳಿ ಇಲ್ಲ.

ಇಲ್ಲಿಯವರೆಗೆ ಆಕಾಶದ ಮಾತು. 1953ರ ನಂತರ ಎಡೆದೊರೆಯ ನೆಲದಲ್ಲೇ ನಡುಗೆರೆ ಸರಿಯಿತು.

ನಮ್ಮಪ್ಪ ಓದುವ ಕಾಲಕ್ಕೆ ಈ ಸೀಮೆ ನಿಜಾಮರದು. 1905ರವರೆಗೆ ಲಿಂಗಸುಗೂರೇ ಜಿಲ್ಲಾ ಕೇಂದ್ರ, ಆಮೇಲೆ ರಾಯಚೂರು ಜಿಲ್ಲೆಯ ತಾಲ್ಲೂಕು. ಅಪ್ಪ ತ್ರಿಕೋನಮಿತಿ ಕಲಿತದ್ದು ಉರ್ದುವಿನಲ್ಲಿ. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ಬಂದರೆ ಬಂತು. ಎರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳ, ಹತ್ತಿ, ಕಡಲೆ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳ ಜಂಟಿ ಯೋಜನೆಯಾಗಿ ಶುರುವಾಯಿತು. 1953ರಲ್ಲಿ ನೀರು ನಿಂತಿತು. ಗೇಟು 33, ತುಂಬಿದಾಗಿನ ಮಟ್ಟ 1633 ಅಡಿ. 227 ಕಿಲೋಮೀಟರಿನ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಹಾಯ್ದು ರಾಯಚೂರಿನತ್ತ ಹೋಯಿತು. ಯೋಜನೆ ಹಾಕಿದವರ ಮನಸ್ಸಿನಲ್ಲಿದ್ದದ್ದು ಬಹುಪಾಲು ಜೋಳ, ಹತ್ತಿ, ಶೇಂಗಾಕ್ಕೆ ಮಿತವಾಗಿ ನೀರು ಕೊಡುವುದು. ಆಂಧ್ರದ ಕರಾವಳಿಯಿಂದ ಬಂದವರು ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತ ಹಚ್ಚಿದರು, ನಮ್ಮವರೂ ಹಚ್ಚಿದರು. ಸಿಂಧನೂರು ಭತ್ತದ ಕಣಜವಾಯಿತು.

ಕಾಲುವೆಗೂ ಮೊದಲು ಇಲ್ಲಿಯ ಬಾವಿಗಳ ನೀರಿಗೆ ತನ್ನದೇ ಅಲೆ ಇತ್ತು. ಹಸ್ತ, ಚಿತ್ತಿ ಮಳೆ ಮುಗಿಯುವ ಹೊತ್ತಿಗೆ ನೀರು ಮೇಲೆ ಬರುವುದು, ಬೇಸಿಗೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ತಳ ಕಾಣುವುದು. ನಡುಗೆರೆ ಆಳದಲ್ಲಿ, ಪಾರ ದೊಡ್ಡದು. ಕಾಲುವೆ ಬಂದಮೇಲೆ ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ನೆಲಕ್ಕಿಳಿಯಿತು. ಬಾವಿಯ ನೀರಿನ ನಡುಗೆರೆ ಮೇಲೆ ಮೇಲೆ ಬಂತು, ಏರಿಳಿತ ಕುಗ್ಗಿತು. ಬೇಸಿಗೆಯಲ್ಲೂ ಬಾವಿ ತುಂಬಿದೆ ಎಂದು ಹಿಗ್ಗಿದ ಹಿರಿಯರನ್ನು ನಾನು ಬಲ್ಲೆ. ಆ ಗೆರೆ ಬೆಳೆಯ ಬೇರಿನ ಮಟ್ಟಕ್ಕೆ ಬಂದಾಗ ತಗ್ಗಿನ ಹೊಲಗಳು ಸವಳು ಜವಳಾದವು. ನೆಲದ ಮೇಲೆ ಬಿಳಿ ಉಪ್ಪು ಮೂಡಿತು, ಎಕರೆಗಟ್ಟಲೆ ಭೂಮಿ ಹಾಳುಬಿತ್ತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಸವಳು ನೆಲದ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ. ಅವರು ಹೊಲದಡಿ ಬಸಿಗಾಲುವೆ ಹೂಡಲು ಹೇಳುವುದು ನಡುಗೆರೆಯನ್ನು ಕೆಳಗಿಳಿಸಲಿಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಬರಗಾಲದ ಕಾಲದಲ್ಲಿ ನಮ್ಮನ್ನು ಹೆದರಿಸಿದ್ದು ಪಾರ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ಹಾಡಾಗುತ್ತದೆ, ಗ್ಯಾಸೆಟಿಯರಿನಲ್ಲಿ ದಾಖಲಾಗುತ್ತದೆ. ನಡುಗೆರೆ ಸರಿಯುವುದು ಮಾತ್ರ ಒಂದು ತಲೆಮಾರು ಕಳೆದಮೇಲೆ ತಿಳಿಯುತ್ತದೆ.

ಜಲಾಶಯದ ಅಲೆಯನ್ನು ಮಕ್ಕಳಿಂದ ಪ್ರತಿವರ್ಷ ಬರೆಸುತ್ತಿದ್ದೆ. ಪತ್ರಿಕೆಯಲ್ಲಿ ದಿನವೂ ಬರುವ ಮಟ್ಟ, ಒಳಹರಿವು, ಹೊರಹರಿವು ನೋಡಿ ಚುಕ್ಕಿ ಇಡುವುದು. ಅದು ಸೈನ್ ಅಲೆಯಂತೆ ಬರುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಗೋಡೆಯಂತೆ ಏರುತ್ತದೆ, ಅಕ್ಟೋಬರಿನ ತನಕ ಚಪ್ಪಟೆ, ಆಮೇಲೆ ಮೇ ತನಕ ನಿಧಾನದ ಇಳಿಜಾರು. ಫ್ರಾನ್ಸಿನ ಫೂರಿಯೇ 1822ರ ತನ್ನ ಶಾಖದ ಗ್ರಂಥದಲ್ಲಿ ತೋರಿಸಿದ ದಾರಿ ಇಲ್ಲಿ ನೆರವಿಗೆ ಬರುತ್ತದೆ: ಮರಳಿ ಮರಳಿ ಬರುವ ಇಂಥ ಗೆರೆಯನ್ನು ಬೇರೆ ಬೇರೆ ಪಾರದ ಸೈನ್, ಕೊಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದು. ಆ ಮೊತ್ತದ ಮೊಟ್ಟಮೊದಲ ಪದ ಅಲೆಯೇ ಅಲ್ಲ. ಅದು ಬರೀ ಸರಾಸರಿ, ನಡುಗೆರೆ. ಆಮೇಲೆ ಬರುವುದು ವರ್ಷಕ್ಕೊಮ್ಮೆ ತೂಗುವ ದೊಡ್ಡ ಅಲೆ, ಅನಂತರ ಆರು ತಿಂಗಳದು, ನಾಲ್ಕು ತಿಂಗಳದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ತುಂಬಿದ್ದ ಜಲಾಶಯದ ಗೆರೆಯಲ್ಲಿ ಒಂದು ಕಚ್ಚು ಬಿತ್ತು. ಸಿಂಧನೂರಿನ ಹೋಟೆಲುಗಳಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ಮುಚ್ಚಿದರು.

ಕಚ್ಚಿಗಿಂತ ದೊಡ್ಡ ಕಥೆ ಹೂಳಿನದು. ಕಟ್ಟಿದಾಗ ಜಲಾಶಯ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ ಅಧಿಕೃತ ಲೆಕ್ಕದಲ್ಲಿ 105.788. ಮೇಲಿನ ಮಟ್ಟ ಅಂದೂ 1633 ಅಡಿ, ಇಂದೂ 1633 ಅಡಿ. ಅಡಿಯಲ್ಲಿ ಅಳೆದು ಗೆರೆ ಎಳೆದರೆ ತುದಿ ಇದ್ದಲ್ಲೇ ಇದೆ, ಏನೂ ಕಳೆದಂತೆ ಕಾಣುವುದಿಲ್ಲ. ಅದೇ ಟಿಎಂಸಿಯಲ್ಲಿ ಎಳೆದು ನೋಡಿ. ಪೂರಾ ತುಂಬಿ ಪೂರಾ ಬರಿದಾಗುತ್ತದೆ ಎಂದು ಇಟ್ಟುಕೊಂಡರೆ ಅಂದಿನ ನಡುಗೆರೆ 66.5, ಪಾರವೂ 66.5. ಇಂದು ಎರಡೂ 52.9ರ ಸುಮಾರು. ಒಂದೇ ಜಲಾಶಯ, ಒಂದೇ ಋತುಚಕ್ರ. ಯಾವ ಅಳತೆಯಿಂದ ಅಳೆಯುತ್ತೀರಿ ಎಂಬುದರ ಮೇಲೆ ನಷ್ಟ ಕಾಣುತ್ತದೆ ಅಥವಾ ಮರೆಯಾಗುತ್ತದೆ. ನೆರಳಿನ ಉದ್ದಕ್ಕೂ ಸೂರ್ಯನ ಕೋನಕ್ಕೂ ಇದ್ದ ಸಮಸ್ಯೆಯೇ ಇದು.

ಕಾಲುವೆಯ ಮೇಲೆ ಓಡಾಡುವ ಗ್ಯಾಂಗ್‌ಮನ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 47ನೇ ಮೈಲಿನಲ್ಲಿ ಗೇಜ್ (ಕಾಲುವೆಯ ನೀರಿನ ಮಟ್ಟ) ಎಷ್ಟಿದೆ, 69ರಲ್ಲಿ ಎಷ್ಟು, 104ರಲ್ಲಿ ಎಷ್ಟು ಎಂದು ಅವರು ಬರೆದಿಡುತ್ತಾರೆ. ಮೇಲಿನವರು ಭತ್ತಕ್ಕೆ ನೀರು ಎತ್ತಿಕೊಂಡಷ್ಟೂ ಕೆಳಗಿನ ಮೈಲುಗಳಲ್ಲಿ ಗೇಜ್ ಬೀಳುತ್ತದೆ. ಎಪ್ರಿಲ್‌ನಲ್ಲಿ ಮಾನ್ವಿ, ರಾಯಚೂರಿನ ರೈತರು ರಸ್ತೆಗಿಳಿದು ಕೇಳುವುದು ಜಲಾಶಯ ಎಷ್ಟು ತುಂಬಿತ್ತೆಂದಲ್ಲ, 69ನೇ ಮೈಲಿನಲ್ಲಿ ಇವತ್ತು ಗೇಜ್ ಎಷ್ಟು ನಿಲ್ಲಿಸುತ್ತೀರಿ ಎಂದು. ಅಲೆಯ ತಳದಲ್ಲಿ ನಿಂತವರ ಪ್ರಶ್ನೆ ಅದು.

ಹೂಳಿನಿಂದ ಹೋದ ಸುಮಾರು 27 ಟಿಎಂಸಿಗೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾಪ ಹಲವು ವರ್ಷಗಳಿಂದ ಇದೆ. ಮಳೆಗಾಲದಲ್ಲಿ ಗೇಟು ತೆರೆದು ಹೊಳೆಗೆ ಬಿಡುವ ನೀರನ್ನು ಕಾಲುವೆಯ ಮೂಲಕ ತಂದು ಅಲ್ಲಿ ನಿಲ್ಲಿಸುವ ಯೋಚನೆ. ಮಾತೆಲ್ಲ ಅದು ಎಷ್ಟು ಟಿಎಂಸಿ ಹಿಡಿಯುತ್ತದೆ ಎಂಬುದರ ಮೇಲೆಯೇ ನಡೆಯುತ್ತಿದೆ, ಅಂದರೆ ಅಲೆಯ ತುದಿಯ ಮೇಲೆ. ಆ ನೀರಿನಿಂದ ಮಾರ್ಚ್, ಎಪ್ರಿಲ್‌ನಲ್ಲಿ 104ನೇ ಮೈಲಿನ ಗೇಜ್ ಎಷ್ಟು ಅಡಿ ಮೇಲೆ ನಿಲ್ಲುತ್ತದೆ, ಮೇಲ್ಭಾಗದ ಸವಳು ಹೊಲಗಳಡಿಯ ನೀರಿನ ಮಟ್ಟ ಇನ್ನೆಷ್ಟು ಏರುತ್ತದೆ ಎಂಬ ಎರಡು ಅಂಕಿಗಳನ್ನೂ ಯೋಜನಾ ವರದಿಯ ಮೊದಲ ಪುಟದಲ್ಲೇ, ಮುತ್ಯಾನ ವಹಿಯಲ್ಲಿ ಪಲಭಾ ಬರೆದಿದ್ದಷ್ಟು ಸ್ಪಷ್ಟವಾಗಿ, ನೋಡಬೇಕೆಂಬುದು ನನ್ನ ಆಸೆ.